ಬೊಟ್ಟಿಲ್ಲದ ಪುಟ

ಹೊಸೂರಿನ ಪಕ್ಕದ ಮತ್ತಿಗಿರಿಯ ಆ ಬೀದಿಯಲ್ಲಿ ಬೆಳಿಗ್ಗೆ ನಡೆದು ಹೋದರೆ ಒಂದು ಮನೆ ಬಿಟ್ಟು ಉಳಿದೆಲ್ಲ ಮನೆಗಳ ಮುಂದೆಯೂ ಪುಡಿಯ ಗೀಟುಗಳು ಕಾಣುತ್ತಿದ್ದವು. ತಮಿಳರ ಬಾಗಿಲಲ್ಲಿ ಕೋಲಂ, ತೆಲುಗರ ಬಾಗಿಲಲ್ಲಿ ಮುಗ್ಗು, ಕನ್ನಡದವರ ಬಾಗಿಲಲ್ಲಿ ರಂಗೋಲಿ. ಹೆಸರು ಮೂರಾದರೂ ಪುಡಿ ಮಾತ್ರ ಮೂಲೆಯ ಅಂಗಡಿಯದೇ. ಆ ಒಂದು ಮನೆಯ ಮುಂದೆ ನೀರು ಚಿಮುಕಿಸಿದ ಒದ್ದೆ ನೆಲವಷ್ಟೇ ಇರುತ್ತಿತ್ತು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಅದನ್ನು ಸೂತಕದ ಮನೆಯೆಂದು ತಿಳಿದು ದನಿ ತಗ್ಗಿಸಿಕೊಂಡು ಹೋಗುತ್ತಿದ್ದರು. ಎರಡು ತಿಂಗಳಾದರೂ ಸೂತಕ ಕಳೆಯದಿದ್ದಾಗ ಪಕ್ಕದವರನ್ನು ವಿಚಾರಿಸುತ್ತಿದ್ದರು. ಎಂಟು ವರ್ಷದಿಂದ ಹೀಗೇ ಎಂಬ ಉತ್ತರ ಬರುತ್ತಿತ್ತು.

ಆ ಮನೆಯಲ್ಲಿ ಇಬ್ಬರೇ ಹೆಂಗಸರು. ಒಬ್ಬಳು ಅಕ್ಕಯಮ್ಮ, ಕೆಲಮಂಗಲದ ಪಕ್ಕದ ಹಳ್ಳಿಯವಳು. ಇನ್ನೊಬ್ಬಳು ಸೊಸೆ ನಾಗವೇಣಿ, ನಲವತ್ತರ ಹತ್ತಿರದವಳು. ಇಬ್ಬರನ್ನೂ ಸೇರಿಸಿದ್ದವನು ಮಾದೇಶ, ಒಬ್ಬಳ ಮಗ, ಇನ್ನೊಬ್ಬಳ ಗಂಡ. ಅವನು ಸತ್ತ ಮೇಲೂ ಅವರು ಬೇರೆಯಾಗಲಿಲ್ಲ. ಮಕ್ಕಳಿರಲಿಲ್ಲ. ನಾಗವೇಣಿ ತವರಿಗೆ ಹೋಗಬಹುದಿತ್ತು, ಅಣ್ಣಂದಿರು ಕರೆದಿದ್ದರು ಕೂಡ. ಅವಳು ಹೋಗಲಿಲ್ಲ. ಯಾಕೆಂದು ಕೇಳಿದರೆ ಕೆಲಸ ಇದೆಯಲ್ಲ ಎನ್ನುತ್ತಿದ್ದಳು. ಕೆಲಸವೆಂದರೆ ಸಂಬಳದ ಕೆಲಸವೇ ಎಂದು ಕೇಳಿದವರು ತಿಳಿದುಕೊಳ್ಳುತ್ತಿದ್ದರು.

ಮಾದೇಶ ಹೊಸೂರಿನ ಆಚೆ ಒಂದು ಪ್ರೆಸ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ತಗಡನ್ನು ಒತ್ತಿ ಕಾರಿನ ಬಾಗಿಲಿನ ಕೀಲು ಮಾಡುವ ದೊಡ್ಡ ದೊಡ್ಡ ಪ್ರೆಸ್ಸುಗಳು ಅಲ್ಲಿದ್ದವು. ಒಂದೊಂದರ ಮುಂದೆಯೂ ಕಬ್ಬಿಣದ ಜಾಲರಿ ಬಾಗಿಲು. ಜಾಲರಿ ತೆರೆದಿದ್ದರೆ ಪ್ರೆಸ್ಸು ಅಲುಗಾಡಕೂಡದು, ಯಾಕೆಂದರೆ ಒಳಗೆ ಯಾರದೋ ಕೈಯೋ ತಲೆಯೋ ಇರಬಹುದು. ಪ್ರೆಸ್ಸನ್ನು ನಡೆಸುವ ಕಂಟ್ರೋಲರಿನ ಪ್ರೋಗ್ರಾಮಿನಲ್ಲಿ ಆ ನಿಯಮ ಬರೆದಿರುತ್ತದೆ. ಮೂರನೇ ಪ್ರೆಸ್ಸಿನ ಪ್ರೋಗ್ರಾಮಿನಲ್ಲಿ ಯಾರೋ ಆ ನಿಯಮವನ್ನು ಸುತ್ತಿಕೊಂಡು ಹೋಗುವ ಒಂದು ಕಳ್ಳದಾರಿ ಮಾಡಿದ್ದರು. ಜಾಲರಿ ತೆರೆದು ಒಳಗಿನ ಅಚ್ಚನ್ನು ನೋಡಿಕೊಂಡೇ ಪ್ರೆಸ್ಸನ್ನು ಸ್ವಲ್ಪಸ್ವಲ್ಪ ಇಳಿಸಬಹುದು, ಬೇಗ ಕೆಲಸ ಮುಗಿಸಬಹುದು, ಮೇಲಿನವರ ಬೈಗುಳ ತಪ್ಪುತ್ತದೆ ಎಂಬುದು ಅದರ ಉಪಯೋಗ. ಮಾದೇಶ ಒಂದು ಮಧ್ಯಾಹ್ನ ಜಾಲರಿ ತೆರೆದು ಒಳಗೆ ಬಗ್ಗಿದ. ಪ್ರೆಸ್ಸು ಇಳಿಯಿತು.

ವಿಚಾರಣೆ ನಡೆಯಿತು. ಆ ದಾರಿಯನ್ನು ಮಾಡಿದವನು ಮಾದೇಶನೇ ಎಂದು ಅವನ ಜೊತೆ ಕೆಲಸ ಮಾಡುತ್ತಿದ್ದ ಕುಮಾರೇಶ್ ಹೇಳಿದ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಎಂದು ಬರೆದುಕೊಂಡು ಕಾರ್ಖಾನೆ ಕೈ ತೊಳೆದುಕೊಂಡಿತು. ಅಕ್ಕಯಮ್ಮ ಆ ದಿನ ಮನೆಗೆ ಬಂದ ಮೇನೇಜರನ ಮುಂದೆಯೇ ನಿಂತು ಹೇಳಿದಳು:

"ನನ್ ಮಗ ಅರ್ಧಂಬರ್ಧ ಕೆಲ್ಸ ಮಾಡೋನಲ್ಲ. ಈ ಮಾತು ಅವನ ಮೇಲಿಂದ ಹೋಗೋ ಗಂಟ ನನ್ ಬಾಗ್ಲಿಗೆ ಪುಡಿ ಬೀಳಲ್ಲ. ಬರ್ಕೊಳಿ ಇದ್ನೂ."

ಹಟವೆಂದರೆ ಹಟ. ಹಬ್ಬ ಬಂದವು, ಹೋದವು. ಧನುರ್ಮಾಸದಲ್ಲಿ ಬೀದಿಯ ತುಂಬ ಚುಕ್ಕಿಗಳು ಅರಳಿದರೂ ಅಕ್ಕಯಮ್ಮನ ಬಾಗಿಲು ಬೋಳಾಗಿಯೇ ಇತ್ತು. ಹಿಂದೆ ಅವಳ ರಂಗೋಲಿ ನೋಡಲು ಪಕ್ಕದ ಬೀದಿಯಿಂದ ಹೆಂಗಸರು ಬರುತ್ತಿದ್ದರಂತೆ. ಹೆಣ್ಣುಮಕ್ಕಳಿಲ್ಲದ ಅವಳು ಮಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎಳೆ ಬಿಡುವುದನ್ನು ಕಲಿಸಿದ್ದಳು. ಚುಕ್ಕಿಗೂ ಚುಕ್ಕಿಗೂ ನಡುವೆ ಬೆರಳು ಹಾಯುವಷ್ಟು ಜಾಗ ಬಿಡಬೇಕು, ಒತ್ತೊತ್ತಾಗಿ ಹಾಕಬಾರದು. ಎಲ್ಲ ಮುಗಿದು ಮನಸ್ಸಿಗೆ ಒಪ್ಪಿದ ಮೇಲೆ ಚಿತ್ರದ ಹೊರಗೆ, ಕೆಳಗಿನ ಮೂಲೆಯಲ್ಲಿ, ಚಿಟಿಕೆ ಪುಡಿಯಿಂದ ಒಂದು ಬೊಟ್ಟು ಇಡಬೇಕು. ಅದು ದೃಷ್ಟಿಬೊಟ್ಟು. ಬೊಟ್ಟಿಟ್ಟ ಮೇಲೆ ಆ ಚಿತ್ರ ಮುಟ್ಟಬಾರದು. ತಪ್ಪು ಕಂಡು ತಿದ್ದಲೇಬೇಕಾದರೆ ಮೊದಲು ಬೊಟ್ಟು ಅಳಿಸಬೇಕು, ತಿದ್ದಿ, ಮತ್ತೆ ಬೊಟ್ಟಿಡಬೇಕು. ಇದು ಅಕ್ಕಯಮ್ಮನ ತವರಿನ ಕಟ್ಟಳೆ.

ಗಂಡ ಹೋದ ಮೇಲೆ ನಾಗವೇಣಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಕೊಟ್ಟರು. ಮೊದಲು ಪ್ಯಾಕಿಂಗಿನಲ್ಲಿದ್ದಳು. ವರ್ಷ ತುಂಬುವ ಮೊದಲೇ ತನ್ನನ್ನು ಎಲೆಕ್ಟ್ರಿಕಲ್ ವಿಭಾಗಕ್ಕೆ ಹಾಕಿ ಎಂದು ಕೇಳಿದಳು. ಕೇಳಿಸಿಕೊಂಡವರಿಗೆ ನಗು ಬಂತು. ಪ್ಲಸ್ ಟೂ ಓದಿದ್ದಳು, ಅದೂ ತಮಿಳು ಮೀಡಿಯಂ. ಮನೆಮಾತು ಕನ್ನಡವಾದರೂ ಕನ್ನಡದ ಒಂದಕ್ಷರವೂ ಓದಲು ಬಾರದು, ತಮಿಳುನಾಡಿನ ಈ ಗಡಿ ಕಡೆಯ ನೂರಾರು ಮನೆಗಳ ಹಾಗೆ. ತೆಲುಗು ಮಾತಾಡಿದರೆ ತೆಲುಗಿನವಳೇ ಅನ್ನಿಸುತ್ತಿದ್ದಳು, ಆ ಅಕ್ಷರವೂ ಬಾರದು. ವಯರು ಹಿಡಿಯುವ ಹೆಂಗಸೇ ಎಂದು ಮೂಗು ಮುರಿದರು. ಅವಳು ಬಿಡಲಿಲ್ಲ. ಗಂಡನನ್ನು ಕೊಂದ ಆ ಪ್ರೋಗ್ರಾಮನ್ನು ತನ್ನ ಕಣ್ಣಿನಿಂದಲೇ ಓದಬೇಕು, ಆ ದಾರಿ ಹಾಕಿದ ಕೈ ಯಾವುದೆಂದು ತಿಳಿಯಬೇಕು. ಅವಳ ಕೆಲಸ ಅಂದರೆ ಅದು.

ಕಲಿಸಿದವನು ಯಾರು ಗೊತ್ತೆ? ಕುಮಾರೇಶ್. ಆ ವಿಭಾಗದಲ್ಲಿ ಕಲಿಸಬಲ್ಲವನು ಅವನೊಬ್ಬನೇ ಇದ್ದ. ಆ ದಾರಿ ಹಾಕಿದವನು ಇವನೇ, ಸತ್ತವನ ಮೇಲೆ ಹೊರಿಸಿ ತಾನು ಪಾರಾದ ಎಂದು ನಾಗವೇಣಿ ಒಳಗೊಳಗೇ ನಂಬಿದ್ದಳು. ನಂಬಿದ್ದೇನು, ಅದನ್ನೇ ಹಿಡಿದುಕೊಂಡು ಬದುಕಿದ್ದಳು. ಅವನ ಪಕ್ಕ ಕೂತು, ಅವನ ಕೈಯಿಂದಲೇ ಚಹಾ ಲೋಟ ತೆಗೆದುಕೊಂಡು, ಅವನಿಂದಲೇ ವಿದ್ಯೆ ಕಲಿತಳು. ಹೆಣ್ಣು ಜೀವ ಎಷ್ಟು ಹೊಟ್ಟೆಗೆ ಹಾಕಿಕೊಳ್ಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

"ಅತ್ಗೆ, ಇದನ್ನ ಓದಕ್ಕೋಗ್ಬೇಡಿ, ನೋಡಿ ಸಾಕು," ಎಂದಿದ್ದ ಮೊದಲ ದಿನ. "ನೀರು ಹೆಂಗೆ ಹರಿಯುತ್ತೆ ಅಂತ ನೋಡಲ್ವಾ ಗದ್ದೇಲಿ? ಹಂಗೆ."

ನಿಜವಾಗಿಯೂ ಹಾಗೇ ಇತ್ತು. ಎಡಕ್ಕೂ ಬಲಕ್ಕೂ ಒಂದೊಂದು ಉದ್ದ ಗೀಟು, ನಡುವೆ ಮೆಟ್ಟಿಲಿನಂತೆ ಅಡ್ಡಗೀಟುಗಳು. ನೋಡಲು ಏಣಿ, ಹೆಸರೂ ಲ್ಯಾಡರ್. ಕರೆಂಟು ಎಡಗಡೆಯಿಂದ ಹೊರಡುತ್ತದೆ. ದಾರಿಯಲ್ಲಿ ಒಂದೊಂದು ಸ್ವಿಚ್ಚಿಗೂ ಒಂದೊಂದು ಗುರುತು. ಗುರುತು ಒಪ್ಪಿದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ನಿಲುಗಡೆ. ಬಲತುದಿ ಮುಟ್ಟಿದರೆ ಮೋಟರು ತಿರುಗುತ್ತದೆ. ಯಂತ್ರ ನಡೆಯುವಾಗ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕರೆಂಟು ಹೋದಷ್ಟು ದಾರಿ ಹಸಿರಾಗುತ್ತದೆ. ಒಡಿಶಾದ ಹುಡುಗ, ಬಿಹಾರದ ಫಿಟ್ಟರು, ಕುಪ್ಪಂ ಕಡೆಯ ಮೆಕ್ಯಾನಿಕ್ಕು ಎಲ್ಲರೂ ಅದೇ ಚಿತ್ರವನ್ನು ತಂತಮ್ಮ ಮಾತಿನಲ್ಲಿ ಓದುತ್ತಿದ್ದರು. ಮೂರು ಭಾಷೆ ಆಡಿ ಒಂದರ ಅಕ್ಷರ ಮಾತ್ರ ಕಲಿತಿದ್ದ ನಾಗವೇಣಿಗೆ ಅಕ್ಷರವೇ ಬೇಡದ ಈ ಬರಹ ಬೇಗ ಒಲಿಯಿತು.

ಒಲಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಾದೇಶ ಬರೆದ ಪುಟಗಳನ್ನು ಅವಳು ದೂರದಿಂದಲೇ ಗುರುತಿಸಬಲ್ಲವಳಾದಳು. ಬೇರೆಯವರು ಗುರುತುಗಳನ್ನು ಒಂದಕ್ಕೊಂದು ಒತ್ತಿ ಬರೆದರೆ ಅವನು ಪ್ರತಿ ಗುರುತಿನ ಮುಂದೆ ಒಂದು ಚೌಕದಷ್ಟು ಮನೆ ಖಾಲಿ ಬಿಡುತ್ತಿದ್ದ. ಆ ಹಳೆಯ ಕಂಟ್ರೋಲರುಗಳು ಗೀಟನ್ನು ಎಳೆದ ಜಾಗದಲ್ಲೇ ಇಟ್ಟುಕೊಳ್ಳುವ ಜಾತಿಯವು. ಪುಟದ ಕೆಳಮೂಲೆಯಲ್ಲಿ, ಏನನ್ನೂ ನಡೆಸದ ಒಂದು ಒಂಟಿ ಗುರುತು. ಮೊದಲ ಸಲ ಅದನ್ನು ಕಂಡಾಗ ಏನಿದು ಎಂದು ಕುಮಾರೇಶನನ್ನು ಕೇಳಿದಳು.

"ಅದಾ? ದೃಷ್ಟಿಬೊಟ್ಟಂತೆ," ಎಂದು ಅವನು ನಕ್ಕ. "ಪುಟ ಮುಗುದ್ರೆ ಇಡೋನು. ತಿದ್ಬೇಕಾದ್ರೆ ಮೊದ್ಲು ಅದ್ನ ಅಳ್ಸೋನು. ನಾವೆಲ್ಲ ರೇಗುಸ್ತಿದ್ವಿ."

ನಾಗವೇಣಿ ಮುಖ ತೊಳೆಯುವ ನೆಪ ಮಾಡಿ ಎದ್ದುಹೋಗಿ ಅತ್ತಳು. ಅವತ್ತಿನಿಂದ ಆ ಕಾರ್ಖಾನೆ ಅವಳಿಗೆ ಅವನ ಮನೆಯಾಯಿತು. ಕನ್ವೇಯರಿನ ಪುಟದಲ್ಲಿ ಅವನಿದ್ದ, ಬಿಡಿಭಾಗ ತೊಳೆಯುವ ಯಂತ್ರದಲ್ಲಿ ಅವನಿದ್ದ. ಹಸಿರು ದಾರಿ ಅವನು ಬಿಟ್ಟ ಖಾಲಿ ಮನೆಗಳನ್ನು ದಾಟಿ ಹೋಗುವುದನ್ನು ನೋಡುತ್ತ ಕೂತರೆ ಅವನು ಯೋಚಿಸುವುದನ್ನೇ ನೋಡಿದಂತಿರುತ್ತಿತ್ತು. ಅವಳಿಗೆ ಭಯವೂ ಆಗುತ್ತಿತ್ತು, ಎದ್ದು ಬರಲು ಮನಸ್ಸೂ ಆಗುತ್ತಿರಲಿಲ್ಲ.

ಮೂರನೇ ಪ್ರೆಸ್ಸನ್ನು ಮಾತ್ರ ಅವಳಿಗೆ ಯಾರೂ ಮುಟ್ಟಗೊಡಲಿಲ್ಲ. ಅದು ಕರುಣೆಯೋ ಹೆದರಿಕೆಯೋ, ಅಂತೂ ಅದರ ಕೆಲಸ ಬಂದಾಗಲೆಲ್ಲ ಕುಮಾರೇಶನೇ ಹೋಗುತ್ತಿದ್ದ. ಆ ಪ್ರೆಸ್ಸು ಆಗಾಗ ಕಾರಣವಿಲ್ಲದೆ ತಾನೇ ನಿಂತುಬಿಡುತ್ತಿತ್ತು. ಜಾಲರಿ ಮುಚ್ಚಿರುತ್ತಿತ್ತು, ಎಲ್ಲ ಸರಿಯಿರುತ್ತಿತ್ತು, ಆದರೂ ಇಳಿಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಅದನ್ನು ನಡೆಸುತ್ತಿದ್ದ ಮಾಲಾ ಗಾಬರಿಯಾಗುತ್ತಿರಲಿಲ್ಲ.

"ಮಾದೇಶಣ್ಣ ಕೈ ಅಡ್ಡ ಇಟ್ರು ಅಕ್ಕ," ಎನ್ನುತ್ತಿದ್ದಳು. "ಒಂದ್ ನಿಮಿಷ ಬಿಟ್ಟು ಒತ್ತುದ್ರೆ ಬಿಡ್ತಾರೆ."

ಶುಕ್ರವಾರ ಶುಕ್ರವಾರ ಪ್ರೆಸ್ಸಿನ ಪ್ಯಾನೆಲ್ ಪೆಟ್ಟಿಗೆಗೆ ಅವಳು ಕನಕಾಂಬರ ಮುಡಿಸುತ್ತಿದ್ದಳು. ನಾಗವೇಣಿ ಆ ಹೂವಿನ ಕಡೆ ನೋಡದೆ ದಾಟಿಹೋಗುತ್ತಿದ್ದಳು.

ಹೀಗಿರುವಾಗ ರವಿಕುಮಾರ್ ಬಂದ. ತುಮಕೂರು ಕಡೆಯವನು, ಹೊಸ ಇಂಜಿನಿಯರು, ಒಳ್ಳೆಯ ಮನುಷ್ಯ. ಹಳೆಯ ಕಂಟ್ರೋಲರುಗಳನ್ನೆಲ್ಲ ತೆಗೆದು ಹೊಸವು ಹಾಕುತ್ತೇವೆ, ಲ್ಯಾಡರ್ ಬೇಡ, ಎಲ್ಲವನ್ನೂ ಟೆಕ್ಸ್ಟಿನಲ್ಲಿ ಬರೆಯುತ್ತೇವೆ ಎಂದ. ಚಿತ್ರದ ಬದಲು ಸಾಲುಗಳು: ಇದು ಇದ್ದು ಅದು ಇಲ್ಲದಿದ್ದರೆ ಹೀಗೆ ಮಾಡು ಎಂದು ಇಂಗ್ಲಿಷ್ ಮಾತಿನಲ್ಲಿ ಬರೆದರೆ ಯಂತ್ರ ಹಾಗೆ ನಡೆಯುತ್ತದೆ. ಹಳೆಯದನ್ನೂ ಬಲ್ಲ, ಹೊಸದನ್ನೂ ಬೇಗ ಕಲಿತ ನಾಗವೇಣಿಗೇ ಆ ಕೆಲಸ ಬಿತ್ತು.

"ಮನುಷ್ಯ ಮೊದಲು ಚಿತ್ರದಲ್ಲೇ ಬರೀತಿದ್ದ ನಾಗವೇಣಿಯವರೇ," ಎಂದು ರವಿಕುಮಾರ್ ಊಟದ ಹೊತ್ತಿನಲ್ಲಿ ವಿವರಿಸಿದ. "ಎತ್ತು ಅನ್ನೋಕೆ ಎತ್ತಿನ ತಲೆ ಬರೀತಿದ್ದ. ಅದು ಸವೆದು ಸವೆದು ಅಕ್ಷರ ಆಯ್ತು. ಚಿತ್ರದಲ್ಲಿ ಎತ್ತು ಬರೀಬಹುದು. 'ನಾಳೆ ಎತ್ತು ಬರದಿದ್ರೆ ಏನ್ಮಾಡೋದು' ಅಂತ ಬರೆಯೋಕಾಗುತ್ತಾ?"

"ಚೀನಾದಿಂದ ಬಂದ ಪ್ರೆಸ್ಸಿನ ಪುಸ್ತಕದಲ್ಲಿ ಇನ್ನೂ ಚಿತ್ರದ ಥರಾನೇ ಐತಲ್ಲ ಸಾರ್?"

"ಅದೂ ನಿಜ. ಅಲ್ಲಿ ಊರಿಗೊಂದು ಮಾತಂತೆ. ಗುರುತು ಒಂದೇ, ಓದೋದು ಬೇರೆ ಬೇರೆ."

"ಹಂಗಾದ್ರೆ ನಮ್ ಲ್ಯಾಡರ್ ಥರ."

ರವಿಕುಮಾರ್ ಜೋರಾಗಿ ನಕ್ಕು ಮೊಸರನ್ನದ ಡಬ್ಬಿ ಮುಚ್ಚಿದ. ಮೇಲಿನವರ ತೀರ್ಮಾನ ಹಾಗೇ ಉಳಿಯಿತು. ಹಾಗೆಂದು ಟೆಕ್ಸ್ಟನ್ನು ನಾಗವೇಣಿ ದ್ವೇಷಿಸಿದಳು ಎಂದುಕೊಳ್ಳಬೇಡಿ. ಪುಟಗಟ್ಟಲೆ ಹರಡಿದ್ದ ಕನ್ವೇಯರಿನ ಏಣಿಗಳು ಅಂಗೈಯಗಲದ ಸಾಲುಗಳಾಗಿ ಕೂತಾಗ ಅವಳಿಗೆ ಖುಷಿಯೇ ಆಯಿತು. ಚಿತ್ರದ ಸಂದಿಯಲ್ಲಿ ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಒಂದು ತಪ್ಪು ಸಾಲಿನಲ್ಲಿ ತಾನೇ ತಲೆಯೆತ್ತಿತು. ಅಕ್ಷರದ ಶಕ್ತಿ ಅದು. ಕಾಣೆಯಾದದ್ದು ಖಾಲಿ ಮನೆಗಳು. ಸಾಲಿನ ನಡುವೆ ಎಷ್ಟು ಜಾಗ ಬಿಟ್ಟರೂ ಅದಕ್ಕೆ ಅರ್ಥವಿಲ್ಲ. ಬೊಟ್ಟನ್ನೂ ರವಿಕುಮಾರ್ ತೆಗೆಸಿದ: ಏನೂ ಮಾಡದ್ದು ಯಾಕೆ ಬೇಕು? ಒಂದೊಂದು ಯಂತ್ರ ಬದಲಾದಾಗಲೂ ಅವಳು ಮಾದೇಶನನ್ನು ಒಂದೊಂದು ಕೋಣೆಯಿಂದ ಹೊರಗೆ ಕಳುಹಿಸಿದಳು. ಇದನ್ನು ಯಾರಿಗೆ ಹೇಳಿಕೊಳ್ಳುವುದು?

ಡೆಂಕಣಿಕೋಟೆಯ ಹತ್ತಿರ ಅವಳ ತವರಿನ ರಾಗಿ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಎರಡು ಹಸು. ಮೇಲೆ ಎರಡು ಸಾಲು ಅಕ್ಷರ ಇದ್ದವಂತೆ, ಮಳೆಗೆ ಸವೆದು ಹೋಗಿವೆ. ದನ ಉಳಿಸಲು ಹೋಗಿ ಸತ್ತವನು ಎಂದು ಆ ಊರಿನ ಚಿಕ್ಕ ಮಕ್ಕಳೂ ಹೇಳುತ್ತಾರೆ. ಹೆಸರು ಯಾರಿಗೂ ಗೊತ್ತಿಲ್ಲ. ಏನಾಯಿತೆಂದು ಚಿತ್ರ ಹೇಳುತ್ತದೆ, ಯಾರೆಂದು ಹೇಳಲು ಅಕ್ಷರವೇ ಬೇಕು. ಮೂರನೇ ಪ್ರೆಸ್ಸಿನ ಕಥೆಯೂ ಅದೇ ಆಗಿತ್ತು. ಯಾರು ಬರೆದರು ಎಂಬ ಟಿಪ್ಪಣಿ ಇದ್ದದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ, ಅದು ಎಂದೋ ಗುಜರಿಗೆ ಹೋಗಿತ್ತು. ಕಂಟ್ರೋಲರಿನಲ್ಲಿ ಉಳಿದಿದ್ದದ್ದು ಬರೀ ಚಿತ್ರ.

ಕೊನೆಗೂ ಒಂದು ಶುಕ್ರವಾರ ಆ ಪ್ರೆಸ್ಸಿನ ಸರದಿ ಬಂತು. ನೀವು ಬೇಡ, ನಾನೇ ಮಾಡ್ತೀನಿ ಅತ್ಗೆ ಎಂದು ಕುಮಾರೇಶ್ ಅಡ್ಡ ಬಂದ. ನಾಗವೇಣಿ ಅವನ ಕಡೆ ನೋಡದೆ ಅವನ ಕೈಯಿಂದ ಲ್ಯಾಪ್‌ಟಾಪಿನ ಕೇಬಲ್ಲು ಕಿತ್ತುಕೊಂಡಳು. ಎಂಟು ವರ್ಷ ಕಾದವಳು ಅವಳು.

ಜಾಲರಿಯ ಪುಟ ತೆರೆಯಿತು. ಮೇಲಿನ ಗೀಟಿನಲ್ಲಿ ಜಾಲರಿಯ ಗುರುತು. ಅದರ ಕೆಳಗೆ, ಅದನ್ನು ಸುತ್ತಿಕೊಂಡು ಹೋಗುವ ಆ ಪಕ್ಕದಾರಿ. ಸಾವಿನ ನಂತರ ಕುಮಾರೇಶ್ ಆ ದಾರಿಯ ನಡುವೆ ಎಂದೂ ಒಪ್ಪದ ಒಂದು ಗುರುತು ತುರುಕಿ ಅದನ್ನು ಸಾಯಿಸಿದ್ದ. ಮೇಲಿನ ದಾರಿ ಹಸಿರಾಗಿತ್ತು, ಕೆಳಗಿನದು ಕಪ್ಪಾಗಿತ್ತು. ಕುಮಾರೇಶನ ಗುರುತು ಅವನ ರೂಢಿಯಂತೆ ಪಕ್ಕದ್ದಕ್ಕೆ ಒತ್ತಿ ನಿಂತಿತ್ತು.

ಆ ಪಕ್ಕದಾರಿಯ ಉಳಿದ ಗುರುತುಗಳ ನಡುವೆ ಒಂದೊಂದು ಮನೆ ಖಾಲಿ ಇತ್ತು.

ಅವಳು ಎಷ್ಟು ಹೊತ್ತು ನೋಡಿದಳೋ. ಯಾವ ಕೈಯನ್ನು ಕುಮಾರೇಶನದೆಂದು ಶಪಿಸಿದ್ದಳೋ ಅದು ತನ್ನ ಗಂಡನದಾಗಿತ್ತು. ಕಾರ್ಖಾನೆ ಬರೆದದ್ದು ನಿಜ. ಕುಮಾರೇಶ್ ಹೇಳಿದ್ದು ನಿಜ. ಅವಳಿಗೆ ಮಾದೇಶನ ಮೇಲೆ ಕೆಟ್ಟ ಸಿಟ್ಟು ಬಂತು. ಅವನು ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಇಂಥ ದಾರಿ ಹಾಕಿ, ನಿನ್ನ ತಲೆಯನ್ನೇ ಅದರೊಳಗೆ ಇಟ್ಟೆಯಲ್ಲ!

ಸಿಟ್ಟಿನಲ್ಲೇ ಪುಟವನ್ನು ಕೆಳಗೆ ಸರಿಸಿದಳು. ಕೆಳಮೂಲೆ ಖಾಲಿ ಇತ್ತು. ಹಿಂದಿನ ಪುಟ ನೋಡಿದಳು, ಬೊಟ್ಟಿತ್ತು. ಮುಂದಿನದರಲ್ಲೂ ಇತ್ತು. ಆ ಪ್ರೆಸ್ಸಿನ ಎಲ್ಲ ಪುಟಗಳಲ್ಲೂ ಬೊಟ್ಟಿತ್ತು, ಈ ಒಂದರಲ್ಲಿ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಕುಮಾರೇಶ್ ಮೆಲ್ಲಗೆ ಕೇಳಿದ, "ಕಾಣ್ತಾ ಅತ್ಗೆ?"

"ಕಾಣ್ತು," ಎಂದಳು. ಪರದೆಯಿಂದ ಕಣ್ಣು ಕೀಳದೆಯೇ, "ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ ಕುಮಾರೇಶ್," ಎಂದಳು.

"ಗೊತ್ತು," ಎಂದ ಅವನು. "ಅದಕ್ಕೇ ಕಲ್ಸುದ್ದು."

ಫೋನನ್ನು ಕಾವಲಿನವರ ಹತ್ತಿರ ಕೊಟ್ಟು ಒಳಗೆ ಬರಬೇಕಾದ ಕಾರ್ಖಾನೆ ಅದು, ಫೋಟೋ ತೆಗೆಯುವ ಹಾಗಿರಲಿಲ್ಲ. ನಾಗವೇಣಿ ಆ ಪುಟವನ್ನು ಕಣ್ಣಿಗೆ ಕಟ್ಟಿಕೊಂಡೇ ಮನೆಗೆ ಬಂದಳು. ಅತ್ತೆಗೆ ಏನು ಹೇಳುವುದು? ಸೋಮವಾರ ಆ ಕಂಟ್ರೋಲರನ್ನು ಕಿತ್ತುಹಾಕುತ್ತಾರೆ, ಆಮೇಲೆ ಲೋಕದಲ್ಲಿ ಆ ಚಿತ್ರವೇ ಇರುವುದಿಲ್ಲ. ನಿಮ್ಮ ಮಗನದಲ್ಲ ಅತ್ತೆ ಎಂದು ಒಂದು ಮಾತು ಹೇಳಿದರೆ ಸಾಕು, ಮುದುಕಿ ಸುಖವಾಗಿ ಕಣ್ಣು ಮುಚ್ಚುತ್ತಾಳೆ, ಹೌದೋ ಅಲ್ಲವೋ ನೋಡುವವರಾರೂ ಇಲ್ಲ. ಇಡೀ ಶನಿವಾರ ಆ ಸುಳ್ಳು ಅವಳ ನಾಲಿಗೆಯ ತುದಿಯಲ್ಲೇ ಕೂತಿತ್ತು. ಅಕ್ಕಯಮ್ಮ ಹುರುಳಿ ಸಾರು ಬಡಿಸುತ್ತ ಎರಡು ಸಲ ಮುಖ ನೋಡಿದಳು. ಮಗನ ಮುಖದಲ್ಲೂ ಅವಳು ಹಾಗೇ ಓದುತ್ತಿದ್ದಳಂತೆ.

ಭಾನುವಾರ ಬೆಳಕು ಹರಿದಾಗ ಅಕ್ಕಯಮ್ಮ ನೀರು ಹಾಕಲು ಚೊಂಬು ಹಿಡಿದು ಬಂದರೆ ಬಾಗಿಲಲ್ಲಿ ನಾಗವೇಣಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಕೈಯಲ್ಲಿ ಪುಡಿ. ನೆಲದ ಮೇಲೆ ಬಿಳಿ ಗೀಟುಗಳು.

"ಅಯ್ಯೋ, ಏನೇ ಮಾಡ್ಬುಟ್ಟೆ? ಯಾರ್ ಹೇಳುದ್ರು ನಿಂಗೆ ಪುಡಿ ಹಾಕು ಅಂತ?"

"ಇದು ರಂಗೋಲಿ ಅಲ್ಲ ಅತ್ತೆ. ಬನ್ನಿ, ಕೂತ್ಕಳಿ. ನಿಮ್ ಮಗ ಬರ್ದಿದ್ದು."

ಮುದುಕಿ ಚೊಂಬು ಕೆಳಗಿಟ್ಟಳು. ಮಂಡಿ ಹಿಡಿದುಕೊಂಡು ಕೂತಳು. ನಾಗವೇಣಿ ತೋರಿಸಿದಳು: ಇಲ್ಲಿಂದ ಕರೆಂಟು ಬರುತ್ತದೆ, ಇದು ಜಾಲರಿ, ಇದು ಪ್ರೆಸ್ಸು. ಅಕ್ಕಯಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಟೆಕ್ಸ್ಟಿನ ಸಾಲನ್ನು ತಂದು ಮುಂದೆ ಹಿಡಿದಿದ್ದರೆ ಅವಳಿಗೆ ಅದು ಇರುವೆ ಸಾಲು. ಇದನ್ನು ಅವಳು ಬೆರಳಿನಿಂದ ಹಿಂಬಾಲಿಸಿದಳು.

"ಕಾಲುವೆ ಇದ್ದಂಗೈತೆ. ಇದು ತೂಬು. ತೂಬು ಮುಚ್ಚುದ್ರೆ ನೀರು ನಿಲ್ಬೇಕು." ಬೆರಳು ಕೆಳಗಿಳಿಯಿತು. "ಇದೇನು? ತೂಬು ಮುಚ್ಚಿದ್ರೂ ಇಲ್ಲಿಂದ ಸುತ್ಕೊಂಡು ಹೋಗುತ್ತಲ್ಲ?"

"ಹೂಂ ಅತ್ತೆ."

ಅಕ್ಕಯಮ್ಮ ಮತ್ತೆ ನೋಡಿದಳು. ಗುರುತುಗಳ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಬೆರಳು ಸರಿಯಾಗಿ ಹಾಯಿತು.

"ನಾನು ಕಲ್ಸಿದ್ದ ಅಂತರ ಕಣೆ ಇದು," ಎಂದಳು. "ಅವನೇನಾ ಮಾಡಿದ್ದು ಹಂಗಾದ್ರೆ?"

ಹಾಲಿನವನು ಗೇಟಿನ ತನಕ ಬಂದು, ಇಬ್ಬರನ್ನೂ ನೋಡಿ, ಪೊಟ್ಟಣ ಗೋಡೆಯ ಮೇಲಿಟ್ಟು ಹೋದ. ಎಂಟು ವರ್ಷ ಬೀದಿಯ ಮುಂದೆ, ದೇವರ ಮುಂದೆ ಸಾಧಿಸಿಕೊಂಡು ಬಂದದ್ದು ಒಂದು ಬೆರಳ ಅಗಲದಲ್ಲಿ ಕುಸಿದಿತ್ತು. ಮುದುಕಿ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನೆಲ ನೋಡಿದಳು, ಈ ಸಲ ರಂಗೋಲಿ ಹಾಕುವವಳ ಕಣ್ಣಿನಿಂದ.

"ಬೊಟ್ಟೆಲ್ಲಿ?"

"ಇಲ್ಲ ಅತ್ತೆ."

"ನೀನು ಬಿಟ್ಬುಟ್ಟಿದ್ಯಾ?"

"ಇಲ್ಲ. ಅವ್ರೇ ಇಟ್ಟಿರ್ಲಿಲ್ಲ. ಮಿಕ್ಕ ಎಲ್ಲಾ ಪುಟದಲ್ಲೂ ಐತೆ. ಇದ್ರಾಗೆ ಇಲ್ಲ."

"ಅಳ್ಸವ್ನೆ," ಎಂದಳು ಅಕ್ಕಯಮ್ಮ. ಅವಳ ದನಿಯೇ ಬದಲಾಯಿತು. "ತಿದ್ದಕ್ಕೆ ಅಂತ ಅಳ್ಸವ್ನೆ. ಇನ್ನೂ ಮುಗ್ದಿಲ್ಲ ಇದು. ತಗಿಬೇಕು ಅಂತ ಇದ್ದ ಕಣೆ, ಅಷ್ಟ್ರೊಳಗೆ..."

ಒಂದು ಕೈ ನೆಲಕ್ಕೂರಿ ಮುಂದೆ ಬಗ್ಗಿ, ಆ ಪಕ್ಕದಾರಿಯನ್ನು ಇನ್ನೊಂದು ಅಂಗೈಯಿಂದ ಒರೆಸಿದಳು, ಪುಡಿಯ ಗುರುತೂ ಉಳಿಯದ ಹಾಗೆ. ಪುಡಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಸೊಸೆಯ ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು ಕೆಳಮೂಲೆಯಲ್ಲಿ ಬೊಟ್ಟಿಟ್ಟಳು. ಆಗ ಅತ್ತಳು. ನಾಗವೇಣಿಯೂ ಅತ್ತಳು. ಬೀದಿಯ ಹೆಂಗಸರು ಪೊರಕೆ ಹಿಡಿದುಕೊಂಡೇ ನಿಂತು, ಎಂಟು ವರ್ಷಕ್ಕೆ ಆ ಬಾಗಿಲಲ್ಲಿ ಬಿದ್ದ ವಿಚಿತ್ರ ರಂಗೋಲಿಯನ್ನು ನೋಡಿದರು.

ಸೋಮವಾರ ನಾಗವೇಣಿ ಮೂರನೇ ಪ್ರೆಸ್ಸಿನ ಟೆಕ್ಸ್ಟು ಬರೆದಳು. ಪಕ್ಕದಾರಿ ಇಲ್ಲದೆ ಜಾಲರಿಯ ನಿಯಮ ಒಂದೇ ಸಾಲಿನಲ್ಲಿ ಕೂತಿತು. ಯಂತ್ರ ಓದದೆ ಬಿಡುವ, ಮನುಷ್ಯರಿಗಾಗಿ ಮಾತ್ರ ಬರೆಯುವ ಟಿಪ್ಪಣಿಯನ್ನು ಹೇಗೆ ಹಾಕುವುದೆಂದು ರವಿಕುಮಾರ್ ಕಲಿಸಿದ್ದ. ಆ ಸಾಲಿನ ಮೇಲೆ ಅವಳು ತಮಿಳಿನಲ್ಲಿ ಬರೆದಳು: ಇಲ್ಲಿದ್ದ ಅಡ್ಡದಾರಿಯನ್ನು ತೆಗೆದಿದೆ. ತೆಗೆಯಬೇಕೆಂದಿದ್ದವನು ಮಾದೇಶ. ರವಿಕುಮಾರ್ ಇದೇನೆಂದು ಕೇಳಿದ. ಅವಳು ಓದಿ ಹೇಳಿದಳು. ಅವನು ತೆಗೆಸಲಿಲ್ಲ.

ಹೊಸ ಕಂಟ್ರೋಲರು, ಜಾಲರಿಗೆ ಹೊಸ ಸ್ವಿಚ್ಚು. ಪ್ರೆಸ್ಸು ತಾನಾಗಿ ನಿಲ್ಲುವುದು ನಿಂತುಹೋಯಿತು. ಮಾಲಾ ಶುಕ್ರವಾರ ಹೂವು ತಂದವಳು ಪ್ಯಾನೆಲ್ಲಿಗೆ ಮುಡಿಸದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. "ಹೋಗ್ಬುಟ್ರು ಅನ್ಸುತ್ತೆ ಅಕ್ಕ," ಎಂದಳು. ಹೂವನ್ನು ನಾಗವೇಣಿಗೇ ಕೊಟ್ಟಳು.

ಕೊನೆಗೆ ಉಳಿದದ್ದು ಬಿಡಿಭಾಗ ತೊಳೆಯುವ ಯಂತ್ರ. ಮಾದೇಶ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದದ್ದು, ಅವನ ಕೆಲಸಗಳಲ್ಲೇ ಚೆಂದದ್ದು. ಒಂದು ದಿನವೂ ಕೆಡದೆ ನಡೆದುಕೊಂಡು ಬಂದಿತ್ತು, ಅದನ್ನು ತಿದ್ದುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಾಗವೇಣಿ ಅದನ್ನು ಎಷ್ಟೋ ಸಲ ತೆರೆದಿದ್ದಳು, ಆದರೆ ನೀರು ಬಿಸಿಮಾಡುವ ಪುಟಕ್ಕೆ ಹೋಗುವ ಪ್ರಸಂಗವೇ ಬಂದಿರಲಿಲ್ಲ. ಈಗ ತೆರೆದಳು. ಗುರುತುಗಳ ನಡುವೆ ಅವೇ ಖಾಲಿ ಮನೆಗಳು, ಎಲ್ಲ ಮುಗಿದ, ಒಪ್ಪವಾದ ಪುಟ.

ಕೆಳಮೂಲೆಯಲ್ಲಿ ಬೊಟ್ಟಿರಲಿಲ್ಲ.

ಮರೆತಿದ್ದ. ಮನುಷ್ಯ, ಊಟಕ್ಕೆ ಹೊತ್ತಾಯಿತೆಂದೋ ಯಾರೋ ಕರೆದರೆಂದೋ ಬೊಟ್ಟಿಡುವುದನ್ನು ಮರೆತು ಎದ್ದುಹೋಗಿದ್ದ. ಒಂದು ಕಡೆ ಮರೆತವನು ಇನ್ನೊಂದು ಕಡೆಯೂ ಮರೆತಿರಬಹುದು. ಹಾಗಾದರೆ ಅವನು ಅದನ್ನು ತೆಗೆಯಬೇಕೆಂದಿದ್ದನೇ, ಇಲ್ಲವೇ? ಇಷ್ಟು ವರ್ಷ ಕಲಿತ ವಿದ್ಯೆ ಅಲ್ಲಿಗೆ ಮುಗಿಯಿತು. ಖಾಲಿ ಜಾಗವನ್ನು ಓದಲು ಬರುತ್ತಿತ್ತು. ಅದನ್ನು ಅವನು ಬೇಕೆಂದೇ ಬಿಟ್ಟನೋ ಮರೆತು ಬಿಟ್ಟನೋ ಎಂದು ತಿಳಿಯುವುದು ಹೇಗೆ? ಯಾವ ಬರಹದಲ್ಲಿ ಅದಕ್ಕೆ ಉತ್ತರವಿದೆ? ಹಿಂದಿನಿಂದ ಯಾರೋ ಬಗ್ಗಿ ನೋಡುತ್ತಿರುವಂತೆ ಅವಳಿಗೆ ಅನ್ನಿಸಿತು. ಅವಳು ತಿರುಗಲಿಲ್ಲ.

ಆ ಪುಟವನ್ನು ಸಾಲುಸಾಲಾಗಿ ಟೆಕ್ಸ್ಟಿಗೆ ಇಳಿಸಿದಳು. ಪರೀಕ್ಷೆ ಮಾಡಿದಳು, ಸರಿಯಿತ್ತು. ಹಳೆಯ ಕಂಟ್ರೋಲರಿನ ಕರೆಂಟು ತೆಗೆದಾಗ ಪರದೆ ಕಪ್ಪಾಯಿತು.

ಸಂಜೆ ಮನೆಗೆ ಬಂದರೆ ಬೆಳಗಿನ ರಂಗೋಲಿ ಇನ್ನೂ ಅರ್ಧ ಉಳಿದಿತ್ತು. ಈಗ ದಿನವೂ ಹಾಕುತ್ತಿದ್ದಳು ಅಕ್ಕಯಮ್ಮ, ಚುಕ್ಕಿಗಳ ನಡುವೆ ಬೆರಳು ಹಾಯುವಷ್ಟು ಜಾಗ ಬಿಟ್ಟು, ಮೂಲೆಯಲ್ಲಿ ಮಗನಿಗೊಂದು ಬೊಟ್ಟಿಟ್ಟು. ನಾಗವೇಣಿ ಅದನ್ನು ತುಳಿಯದೆ ಗೋಡೆಗೆ ಒತ್ತಿಕೊಂಡು ಒಳಗೆ ಬಂದಳು.

"ಇವತ್ತಿಗೆ ಅವನದೆಲ್ಲಾ ಆಯ್ತಾ?" ಎಂದು ಒಲೆಯ ಮುಂದಿನಿಂದ ಅತ್ತೆ ಕೇಳಿದಳು. "ಮಿಕ್ಕ ಎಲ್ಲಾದ್ರಾಗೂ ಬೊಟ್ಟಿತ್ತಾ?"

ನಾಗವೇಣಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡಳು.

"ಇತ್ತು ಅತ್ತೆ," ಎಂದಳು. "ಎಲ್ಲಾದ್ರಾಗೂ ಇತ್ತು."